ಅಳಿಸದ ಕೈ

ಅರ್ಧ ಆದ ಕೆಲಸವನ್ನು ಯಾರಿಗೂ ತೋರಿಸಬಾರದು ಎನ್ನುವುದು ನಮ್ಮ ಬೋರ್ಡ್ ಬರೆಯುವವರ ಪದ್ಧತಿ. ಊಟಕ್ಕೆ ಏಣಿ ಇಳಿಯುವ ಮೊದಲು ಬೋರ್ಡಿನ ಮೇಲೆ ಹಳೇ ಲುಂಗಿ ಎಳೆದೇ ಇಳಿಯುತ್ತೇವೆ. ಇಲ್ಲವಾದರೆ ಅಂಗಡಿಯವನು ಬಂದು, ‘ಏನಪ್ಪ, ಇಷ್ಟೇನಾ?’ ಅನ್ನುತ್ತಾನೆ. ಅವನ ಭಾವಮೈದ ಬಂದು ಕೆಂಪು ಮಾಡು ಅನ್ನುತ್ತಾನೆ. ಮುಗಿದ ಮೇಲೆ ನೋಡಲಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಈ ಕೆಲಸಕ್ಕೆ ಬಿದ್ದವನು ನಾನು. ಹಿರಿಯೂರಿನಲ್ಲಿ ಇವತ್ತಿಗೂ ಕೈಯಲ್ಲೇ ಬರೆಯುತ್ತೇನೆ. ಫ್ಲೆಕ್ಸ್ ಬಂದರೂ ಏಣಿ ಇಳಿದಿಲ್ಲ.

ಅಂಥವನು ಹೋಗಿ ಚಿತ್ರದುರ್ಗದಲ್ಲಿ ಚಿತ್ರಕಲೆ ಓದುವ ಹುಡುಗರ ನಡುವೆ ಕೂತೆ. ಅವರು ಭಾನುವಾರ ಬೆಳಿಗ್ಗೆ ಸೇರುವ ಟೀ ಹೋಟೆಲಿನ ಗೋಡೆಗೆ ತಿಂಡಿಗಳ ಹೆಸರು ಬರೆಯಲು ಹೋಗಿದ್ದೆ. ಅರೆಬರೆ ಚಿತ್ರಗಳನ್ನು ಬೆಂಚಿನ ಮೇಲೆ ಹರಡಿ, ಇದು ಸರಿಯಿಲ್ಲ, ಅದು ಸರಿಯಿಲ್ಲ ಎಂದು ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಬೈಸಿಕೊಂಡವರು ನಗುತ್ತಿದ್ದರು. ಅದೇ ನನಗೆ ಸೋಜಿಗ.

‘ನಾನೂ ಚಿತ್ರ ಬರೀತೀನಿ. ಬರ್ಲಾ?’ ಎಂದೆ.

‘ಬರ್ರಿ ಅಣ್ಣ. ಆದ್ರೆ ಮುಗಿದಿದ್ದು ತರಂಗಿಲ್ಲ’ ಅಂದಳು ಒಬ್ಬ ಹುಡುಗಿ. ಹೊಳಲ್ಕೆರೆ ಕಡೆಯವಳು, ಬಾಯಿ ಜೋರು.

ಅವರಲ್ಲಿ ಇನ್ನೊಂದು ರೂಢಿಯಿತ್ತು. ತನಗೆ ದಾರಿ ತೋರಿದ ಕಲಾವಿದ ಯಾರೆಂದು ಪ್ರತಿಯೊಬ್ಬರೂ ಹೇಳಬೇಕು, ಮೊಬೈಲಿನಲ್ಲಿ ಅವರ ಚಿತ್ರ ತೋರಿಸಬೇಕು. ಒಬ್ಬ ಯಾರೋ ಪರದೇಶದ ಕಲಾವಿದರನ್ನು ತೋರಿಸಿದ. ಇನ್ನೊಬ್ಬಳು ಹಾಳೆ ತುಂಬ ಬರೀ ನೀಲಿ ಬಳಿದವರನ್ನು ತೋರಿಸಿದಳು. ಚೆನ್ನಾಗಿಯೇ ಇದ್ದವು. ನನ್ನ ಸರದಿ ಬಂದಾಗ ನಾನು ಧರ್ಮಪುರದ ಪೇಂಟರ್ ಒಬ್ಬರನ್ನು ಹೇಳಿದೆ. ನನ್ನ ಕೈಗೆ ಬ್ರಷ್ ಕೊಟ್ಟವರು, ಈಗಿಲ್ಲ.

‘ಅವರ ವರ್ಕ್ ಎಲ್ಲಿ ನೋಡಬಹುದು ಅಣ್ಣ?’ ಎಂದ ಗುಂಪಿನ ಹಿರಿಯ ವಿದ್ಯಾರ್ಥಿ. ಈ ಹುಡುಗರು ನಡೆಸುವ ಚಿತ್ರಪ್ರದರ್ಶನಕ್ಕೆ ಯಾವ ಚಿತ್ರ ಹೋಗಬೇಕೆಂದು ಆರಿಸುವವನು ಅವನೇ.

‘ಧರ್ಮಪುರಕ್ಕೆ ಹೋಗಪ್ಪ. ಬಸ್ ನಿಲ್ಲೋ ಜಾಗದಾಗೆ ಗೋಡೆ ಸುಣ್ಣ ಕೆರಿ, ಸಿಗ್ತಾರೆ.’

ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಅವರು ಬರೆದಿದ್ದೆಲ್ಲ ಈಗ ಸುಣ್ಣದ ಕೆಳಗೇ ಇದೆ.

‘ಅಂದ್ರೆ ಆರ್ಟಿಸ್ಟ್ ಅಲ್ಲ, ಪೇಂಟರ್’ ಎಂದ ಅವನು. ಕೆಟ್ಟ ಮನಸ್ಸಿನಿಂದಲ್ಲ, ಕಾಳು ವಿಂಗಡಿಸುವವರ ಹಾಗೆ.

‘ಮೊಬೈಲಾಗೆ ಇಲ್ದಿದ್ರೆ ಆರ್ಟಿಸ್ಟ್ ಅಲ್ವೇನು? ತಡಿ, ಅವರನ್ನೇ ಬರ್ಕಂಡು ಬರ್ತೀನಿ’ ಅಂದೆ.

ಪ್ರದರ್ಶನ ಹತ್ತಿರ ಬಂದಿತ್ತು. ಯಾರೂ ಸುಣ್ಣ ಬಳಿಯದ ಒಂದು ಗೋಡೆಯ ಮೇಲೆ ನಮ್ಮ ಪೇಂಟರ್ ನಿಲ್ಲಬೇಕು, ನಾಲ್ಕು ಜನ ನೋಡಬೇಕು. ಅದೊಂದೇ ತಲೆಯಲ್ಲಿ ಕೂತಿತು. ಕೆಲಸ ಮುಗಿಸಿ ಬಂದು ಸಂಜೆ ಹೊತ್ತು ಇದ್ದಿಲಿನಲ್ಲಿ ಬರೆದೆ. ಏಣಿಯ ಮೇಲೆ ಒಬ್ಬ ಮನುಷ್ಯ, ಬರೆಯುವ ಕೈ ಅಲುಗದಂತೆ ಗೋಡೆಗೆ ಆನಿಸಿದ ಕೋಲು, ಕೋಲಿನ ಮೇಲೆ ಬ್ರಷ್ ಹಿಡಿದ ಕೈ. ಕೈ ಮಾತ್ರ ಮುಗಿದಿತ್ತು, ಮುಖ ಇನ್ನೂ ಬರೀ ಗೆರೆ. ಭಾನುವಾರ ಹಾಳೆಯನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಮುಗಿಯದ್ದನ್ನು ಜನರ ಮುಂದೆ ಬಿಚ್ಚುವಾಗ ಬಟ್ಟೆ ಬಿಚ್ಚಿದಷ್ಟು ಸಂಕಟ. ಆದರೂ ಬಿಚ್ಚಿದೆ.

‘ಕೋಲು ಹಿಡ್ಕಂಡು ಯಾರಿಗೆ ಹೊಡಿಯಾಕೆ ಹೊಂಟಾರೆ ಅಣ್ಣ ಇವ್ರು?’ ಎಂದಳು ಹೊಳಲ್ಕೆರೆ ಹುಡುಗಿ.

‘ಕಾಗುಣಿತ ತಪ್ಪಿದೋರಿಗೆ.’

ಹಿರಿಯ ವಿದ್ಯಾರ್ಥಿ ಬಗ್ಗಿ ಬಹಳ ಹೊತ್ತು ನೋಡಿದ. ‘ಗೆರೆ ಚೆನ್ನಾಗೈತೆ. ಆದ್ರೆ ಕೈ ಮುಖಕ್ಕಿಂತ ದೊಡ್ಡದು ಐತೆ ಅಣ್ಣ, ಅಳತೆ ತಪ್ಪೈತೆ. ಅಳಿಸಿ ಚಿಕ್ಕದು ಮಾಡ್ರಿ, ಪ್ರದರ್ಶನಕ್ಕೆ ಹಾಕಾಣ’ ಎಂದು ರಬ್ಬರನ್ನು ನನ್ನ ಕಡೆ ತಳ್ಳಿದ.

ಅವನು ಹೇಳಿದ್ದು ಸುಳ್ಳಲ್ಲ. ಅಳತೆ ನನಗೂ ಗೊತ್ತು. ಆದರೆ ಅವರ ಮುಖ ನನಗೆ ಅಷ್ಟಾಗಿ ನೆನಪಿಲ್ಲ, ಅದು ಯಾವಾಗಲೂ ಗೋಡೆಯ ಕಡೆಗೇ ಇರುತ್ತಿತ್ತು. ಬಣ್ಣದ ಡಬ್ಬಿ ಹಿಡಿದು ಕೆಳಗೆ ನಿಂತ ನಾನು ವರ್ಷಗಟ್ಟಲೆ ನೋಡಿದ್ದು ಆ ಕೈಯನ್ನು. ಅದನ್ನು ಚಿಕ್ಕದು ಮಾಡಿದರೆ ಅಲ್ಲಿ ಉಳಿಯುವುದು ಏಣಿ ಹತ್ತಿದ ಯಾರೋ ಒಬ್ಬ.

‘ಅಳಿಸಲ್ಲ’ ಅಂದೆ.

‘ಹಿಂಗೇ ಇದ್ರೆ ಹಾಕಾಕಾಗಲ್ಲ ಅಣ್ಣ. ನಮ್ಮ ಸರ್ ನನ್ನ ಬೈತಾರೆ.’

‘ಬೈಸ್ಕ. ನಿಮಗೆ ಅಭ್ಯಾಸ ಐತಲ್ಲ.’

‘ಮುಖಾನೇ ದೊಡ್ಡದು ಮಾಡಿಬಿಡ್ರಿ, ಜಗಳ ಮುಗೀತು’ ಎಂದಳು ಹುಡುಗಿ.

‘ಮುಖ ದೊಡ್ಡದು ಮಾಡ್ಕಂಡು ತಿರುಗಿದ ಮನುಷ್ಯ ಅಲ್ಲವ್ವ ಅದು.’

ಪ್ರದರ್ಶನ ನಡೆಯಿತು. ನನ್ನ ಚಿತ್ರ ಅಲ್ಲಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಹೋದೆ, ಪ್ರತಿ ಚಿತ್ರದ ಮುಂದೂ ನಿಂತು ನೋಡಿದೆ. ಹುಡುಗಿ ಬರೆದಿದ್ದ ಎಮ್ಮೆ ನಿಜಕ್ಕೂ ಚೆನ್ನಾಗಿತ್ತು, ಹಾಗೆಂದು ಹೇಳಿಯೂ ಬಂದೆ.

ಅದರ ಮುಂದಿನ ಭಾನುವಾರ ಅದೇ ಹಾಳೆಯನ್ನು ಅದೇ ಬೆಂಚಿನ ಮೇಲೆ ಬಿಚ್ಚಿದೆ. ಏಣಿ, ಗೋಡೆ ಎಲ್ಲ ಒಂದಿಷ್ಟು ಮುಂದೆ ಸಾಗಿದ್ದವು.

‘ಮತ್ತೆ ಅದೇ ಕೈ?’ ಎಂದ ಹಿರಿಯ ವಿದ್ಯಾರ್ಥಿ.

‘ಅದೇ ಕೈ.’

‘ಮತ್ತೆ ನಾವೇನು ಹೇಳಾಣ ಅಣ್ಣ?’

‘ಕೈ ಒಂದು ಬಿಟ್ಟು ಏನು ಬೇಕಾದ್ರೂ ಹೇಳ್ರಿ. ಕೇಳಾಕೇ ಬಂದೀನಿ’ ಎಂದು ಬೆಂಚಿನ ಮೇಲೆ ಜಾಗ ಮಾಡಿಕೊಂಡು ಕೂತೆ.