ಮಾಸ್ತರರ ಬಾಯಲ್ಲಿದ್ದ ಎಲೆ

ಅಣ್ಣಾ, ನಿಮ್ಮ ರೋಗವನ್ನು ಊರಿಗೆ ಸಾರಿದವನು ನಾನೇ. ಹೆಸರು ಹೇಳಲಿಲ್ಲವಲ್ಲ ಎಂದು ಬಹುಕಾಲ ವಾದಿಸಿದೆ — ಎದುರಿಗೆ ಯಾರೂ ಇಲ್ಲದಾಗಲೂ. ಆ ವಾದವೂ ಈಗ ಮುಗಿಯಲಿ.

ಆಗ ನಾನು ಬದಿಯಡ್ಕದ ಒಂದು ಸಣ್ಣ ಆಸ್ಪತ್ರೆಯಲ್ಲಿ ಕಂಪೌಂಡರ್. ಮಂಗಳೂರಿನಲ್ಲಿ ಓದುವಾಗ ಚರ್ಚಾಕೂಟಗಳಲ್ಲಿ ಗೆದ್ದ ಅಮಲು ಇನ್ನೂ ಇಳಿದಿರಲಿಲ್ಲ. ನೀವು ಪೆರ್ಲದಲ್ಲಿ, ಬಸ್ಸು ನಿಲ್ಲುವಲ್ಲಿ, ವೀಳ್ಯದೆಲೆ ಮಾರುತ್ತಿದ್ದವರು. ಪರಿಚಯದವರ ಕಣ್ಣಿಗೆ ಬೀಳಬಾರದೆಂದೇ ಅಷ್ಟು ದೂರದ ನಮ್ಮ ಆಸ್ಪತ್ರೆಗೆ ಬರುತ್ತಿದ್ದಿರಿ. ಎಲ್ಲರೂ ಹೋದ ಮೇಲೆ ಅಂಗಿ ಎತ್ತಿ ಬೆನ್ನಿನ ಆ ಮಚ್ಚೆ ತೋರಿಸುತ್ತಿದ್ದಿರಿ. ಕುಷ್ಠ — ಆದರೆ ಹರಡುವ ಜಾತಿಯದಲ್ಲ, ಇಂಜೆಕ್ಷನ್ ತಪ್ಪಿಸದಿದ್ದರೆ ಸಾಕು ಎಂದಿದ್ದರು ಡಾಕ್ಟರು.

"ಇದು ಹೊರಗೆ ಗೊತ್ತಾದರೆ ನನ್ನ ಎಲೆ ಯಾರು ತಿನ್ನುವುದು, ಡಾಕ್ಟ್ರೇ?"

"ನನಗೆ ಗೊತ್ತುಂಟು, ಇವನಿಗೆ ಗೊತ್ತುಂಟು. ಮತ್ತೆ ಯಾರಿಗೂ ಇಲ್ಲ."

ನಾನು ತಲೆಯಾಡಿಸಿದ್ದೆ. ಮಚ್ಚೆ ಮಾಸುತ್ತ ಬಂದಿತ್ತು.

ಆಮೇಲೆ ಪೆರ್ಲದ ಶಾಲೆಯಲ್ಲಿ ಆ ಚರ್ಚೆ: ರೋಗ ಪಾಪದ ಫಲವೇ? ಅಲ್ಲ ಎನ್ನುವ ಪಕ್ಷ ನನ್ನದು. ಎದುರಿಗೆ ಹಿರಿಯ ಮಾಸ್ತರರು, ಬಾಯಿ ತುಂಬ ವೀಳ್ಯ. ಸಭೆಯಲ್ಲಿ ಎಲೆಯ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. ನಾನು ಕ್ರಿಮಿಯ ವಿಷಯ ಹೇಳಿದೆ, ಮದ್ದಿನ ವಿಷಯ ಹೇಳಿದೆ, ಪಾಪ ಮಾಡಿಯೂ ಗಟ್ಟಿಮುಟ್ಟಾಗಿರುವ ಶ್ರೀಮಂತರ ವಿಷಯ ಹೇಳಿ ನಗಿಸಿದೆ. ಮಾಸ್ತರರು ಎದ್ದು ಒಂದೇ ಮಾತಿನಲ್ಲಿ ನಗುವನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಕುಷ್ಠಕ್ಕೆ ಮದ್ದುಂಟಂತೆ! ಗುಣ ಆಗುತ್ತಾ ಇರುವ ಒಬ್ಬನನ್ನು ತೋರಿಸು ಮಾರಾಯ — ಒಬ್ಬನನ್ನು!"

ನನ್ನ ಹತ್ತಿರ ಒಬ್ಬರಿದ್ದರು! ಎಂಥ ಸಾಕ್ಷ್ಯ, ಎಂಥ ಸಮಯಕ್ಕೆ! ಗೆಲುವು ನಾಲಿಗೆಯ ಮೇಲೆ ಬಂದು ಕೂತಿತ್ತು.

"ತೋರಿಸುವುದೆಂತ, ಮಾಸ್ತ್ರೇ? ಅವನು ಮಾರಿದ ಎಲೆ ಈಗ ನಿಮ್ಮ ಬಾಯಲ್ಲೇ ಉಂಟು!"

ಚಪ್ಪಾಳೆ ಎದ್ದಿತು. ಬರೆಯುವಾಗ ಈಗಲೂ ಮೈ ನವಿರೇಳುತ್ತದೆ — ಇದನ್ನೂ ಒಪ್ಪಿಕೊಳ್ಳಬೇಕು. ಮರುಕ್ಷಣ ಚಪ್ಪಾಳೆ ನಿಂತಿತು. ಮಾಸ್ತರರು ಅಂಗೈಗೆ ಉಗುಳಿದರು. ಮುಂದಿನ ಸಾಲಿನವರು ಕಿಟಕಿಗೆ ಓಡಿದರು. ಪೇಟೆಯಲ್ಲಿ ಎಲೆ ಮಾರುವವರು ನೀವೊಬ್ಬರೇ ಎಂದು ನನಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ಆ ಗಳಿಗೆಯಲ್ಲಿ ನನಗೆ ನೀವು ಮನುಷ್ಯರಾಗಿರಲಿಲ್ಲ — ಪುರಾವೆ.

ನೀವು ಬಾಗಿಲಲ್ಲಿ ನಿಂತಿದ್ದಿರಿ. ಎಲೆ ಕೊಡಲು ಬಂದವರು ನನ್ನ ಮಾತು ಕೇಳಲೆಂದು ಉಳಿದಿದ್ದಿರಂತೆ. ಎಲ್ಲರೂ ತಿರುಗಿ ನೋಡುತ್ತಿದ್ದಂತೆ ಬುಟ್ಟಿ ಎತ್ತಿಕೊಂಡು ಹೊರಟುಬಿಟ್ಟಿರಿ.

ಮರುದಿನದಿಂದ ನಿಮ್ಮ ಎಲೆ ಮುಟ್ಟುವವರಿಲ್ಲ. ಆಸ್ಪತ್ರೆಗೂ ನೀವು ಬರಲಿಲ್ಲ. ನಾನೇ ನಿಮ್ಮ ಮನೆಗೆ ಬಂದೆ. ನೀವು ಬೈಯಲಿಲ್ಲ, ಬೈದಿದ್ದರೆ ಉತ್ತರ ಕೊಡುತ್ತಿದ್ದೆನೋ ಏನೋ —

"ನೀವು ಹೇಳಿದ್ದು ಸುಳ್ಳಲ್ಲ, ಕಂಪೌಂಡ್ರೇ. ಸುಳ್ಳಾಗಿದ್ದರೆ ನಾನು ಜಗಳ ಆಡುತ್ತಿದ್ದೆ."

"ಇಂಜೆಕ್ಷನ್ ಬಿಡಬೇಡಿ, ಅಣ್ಣಾ. ಬನ್ನಿ."

"ಆಸ್ಪತ್ರೆಗೆ ಬಂದದ್ದೇ ತಪ್ಪಾಯಿತಲ್ಲ!"

ಆಮೇಲೆ ಹೆಂಡತಿ ಮಕ್ಕಳ ಜೊತೆ ಪುತ್ತೂರಿನ ಕಡೆಗೆ ಹೋದಿರಂತೆ. ಮಚ್ಚೆ ಪೂರ್ತಿ ಮಾಸಿತೋ, ಹಬ್ಬಿತೋ — ತಿಳಿಯದು. ಮದ್ದಿನಿಂದ ಗುಣವಾಗುತ್ತದೆ ಎಂದು ವಾದಿಸಿ ಗೆದ್ದವನೇ ನಿಮ್ಮ ಮದ್ದು ತಪ್ಪಿಸಿದೆ.

ಮೊನ್ನೆ ಇನ್ನೊಂದು ಸಭೆ, ಅದೇ ಸವಾಲು. ಗುಣವಾದವರು ಈಗ ನನಗೆ ಒಬ್ಬರಲ್ಲ, ಹಲವರು ಗೊತ್ತು.

"ಉದಾಹರಣೆ ಕೊಡುವುದಿಲ್ಲ" ಎಂದೆ.

"ಕೊಡುವುದಿಲ್ಲವೋ, ಇಲ್ಲವೋ?" ಯಾರೋ ಕೂಗಿದರು. ಸಭೆಗೆ ಸಭೆಯೇ ನಕ್ಕಿತು.

ಬಾಯಿ ಮುಚ್ಚಿ ಕುಳಿತೆ, ಅಣ್ಣಾ. ಸೋತೆ.