ಗಂಡು ಜಾಯಿಕಾಯಿ ಮರ

ಬೆಳಿಗ್ಗೆ ಪಾಯಸಕ್ಕೆ ಜಾಯಿಕಾಯಿ ತುರಿಯುತ್ತಿದ್ದೆ. ಮಣಿಪಾಲದ ಈ ಸಣ್ಣ ಫ್ಲಾಟಿನ ತುಂಬ ಕಾರ್ಕಳದ ದೊಡ್ಡಮ್ಮ ಓಡಾಡಿದ ಹಾಗಾಯಿತು. ಅವರು ತೀರಿಕೊಂಡು ವರ್ಷವಾಗುತ್ತಾ ಬಂತು. ನಗಬೇಡಿ, ಕೆಲವರನ್ನು ಮೂಗೇ ನೆನಪಿಟ್ಟುಕೊಳ್ಳುತ್ತದೆ.

ಅವರ ಜಾಯಿಕಾಯಿ ಮರದ ಕಥೆ ಶುರುವಾದಾಗ ನಾನು ಸಸ್ಯಶಾಸ್ತ್ರದ ವಿದ್ಯಾರ್ಥಿ. ಅಂದರೆ ನನಗೆ ಗೊತ್ತಿಲ್ಲದ್ದು ಜಗತ್ತಿನಲ್ಲಿ ಏನೂ ಇರಲಿಲ್ಲ. ಜಾಯಿಕಾಯಿ ಸಮುದ್ರದಾಚೆಯ ದ್ವೀಪಗಳ ಬೆಟ್ಟದ ಕಾಡಿನ ಮರ, ಗಂಡು ಬೇರೆ, ಹೆಣ್ಣು ಬೇರೆ, ಕಾಯಿ ಬಿಡುವುದು ಹೆಣ್ಣು ಮಾತ್ರ ಎಂದು ದೊಡ್ಡಮ್ಮನಿಗೆ ಭಾಷಣ ಬಿಗಿದು, ಹೆಬ್ರಿಯಿಂದ ಸಸಿ ತಂದುಕೊಟ್ಟವನೂ ನಾನೇ.

"ಇದು ಹೆಣ್ಣೇ ಅಂತ ನಿನಗೆ ಹೇಗೆ ಗೊತ್ತು?" ಎಂದರು.

"ಎಲೆ ನೋಡಿದರೆ ಗೊತ್ತಾಗ್ತದೆ ದೊಡ್ಡಮ್ಮ."

ಹೂ ಬಿಡುವವರೆಗೆ ಬ್ರಹ್ಮನಿಗೂ ಗೊತ್ತಾಗುವುದಿಲ್ಲ ಎಂಬ ಪಾಠದ ದಿನ ನಾನು ಉಡುಪಿಯಲ್ಲಿ ಸಿನಿಮಾ ನೋಡುತ್ತಿದ್ದಿರಬೇಕು.

ಏಳು ವರ್ಷ ದೊಡ್ಡಮ್ಮ ಅದಕ್ಕೆ ಅಕ್ಕಿ ತೊಳೆದ ನೀರು ಹೊಯ್ದರು. ಕಡೆಗೂ ಗೊಂಚಲು ಗೊಂಚಲಾಗಿ ಹೂ ಬಿಟ್ಟಿತು. ಒಂದನ್ನು ಬಿಡಿಸಿ ನೋಡಿದವನು ಮೆಲ್ಲಗೆ ನನ್ನ ಚಪ್ಪಲಿ ಹುಡುಕತೊಡಗಿದೆ. ಗಂಡು!

"ಏಳು ವರ್ಷ ಮಾರಾಯ! ಮನೆಯ ಅಳಿಯನಿಗೂ ನಾನು ಇಷ್ಟು ಉಪಚಾರ ಮಾಡಲಿಲ್ಲ."

ಅಂದೇ ಮರ ಕಡಿಯುವವನಿಗೆ ಹೇಳಿ ಕಳಿಸಿದರು. ನಮ್ಮ ಪುಣ್ಯ, ಅವನು ಇವತ್ತು ನಾಳೆ ಎನ್ನುತ್ತಾ ಬರಲೇ ಇಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಗಿರಿಜಕ್ಕನ ಹಿತ್ತಿಲಲ್ಲಿ, ಅದುವರೆಗೆ ಬರೀ ಹೂ ಉದುರಿಸುತ್ತಿದ್ದ ಅವರ ಜಾಯಿಕಾಯಿ ಮರದಲ್ಲಿ ಕಾಯಿ ಕಾಣಿಸಿತು. ಪೆರ್ಡೂರಿನ ದೇವರಿಗೆ ಹೇಳಿಕೊಂಡ ಹರಕೆಯ ಫಲ ಎಂದು ಗಿರಿಜಕ್ಕ ಊರಿಗೆಲ್ಲ ಸಾರಿದರು.

ದೊಡ್ಡಮ್ಮ ಕಾಂಪೌಂಡಿನ ಈಚೆಯಿಂದ ಕೂಗಿದರು: "ಹರಕೆ ತೀರಿಸಿ, ಬೇಡ ಅನ್ನುವುದಿಲ್ಲ. ಆದರೆ ಗಂಡು ನಮ್ಮದು. ಕಾಯಿಯಲ್ಲಿ ಅರ್ಧ ಈಚೆ ಬರಬೇಕು!"

"ಗಂಡಿನ ಕಡೆಯವರ ಜೋರು ನೋಡಿ!" ಎಂದರು ಗಿರಿಜಕ್ಕ.

ಇಬ್ಬರು ಹಿರಿಯ ಹೆಂಗಸರ ನಡುವೆ ಕೂತು ನಾನು ಪರಾಗಸ್ಪರ್ಶ ವಿವರಿಸಬೇಕಾಯಿತು. ನನ್ನ ಡಿಗ್ರಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಮರ ಉಳಿಯಿತು, ಜಗಳವೂ ಉಳಿಯಿತು. ಪ್ರತಿ ವರ್ಷ ಪಾಲು ಕಮ್ಮಿಯೆಂದು ಇವರು, ಆಸೆ ಜಾಸ್ತಿಯೆಂದು ಅವರು; ಮರುದಿನ ಒಂದೇ ಜಗಲಿಯಲ್ಲಿ ಕೂತು ಜಾಯಿಕಾಯಿ ಸಿಪ್ಪೆಯ ಉಪ್ಪಿನಕಾಯಿ ಹಾಕುವವರೂ ಇವರಿಬ್ಬರೇ.

ಪಾಯಸ ಇಳಿಸುವಷ್ಟರಲ್ಲಿ ಫೋನು ಬಂತು. ಗಿರಿಜಕ್ಕ.

"ಈ ವರ್ಷ ಮರ ತುಂಬ ಕಾಯಿ ಉಂಟು. ನಿಮ್ಮ ಪಾಲು ತೆಗೆದಿಟ್ಟಿದ್ದೇನೆ."

"ಇರಲಿ ಗಿರಿಜಕ್ಕ, ನೀವೇ ಇಟ್ಟುಕೊಳ್ಳಿ."

"ಎಂತ ಮಾರಾಯ, ನೀನೂ ಹೀಗೆ ಸುಮ್ಮನೆ ಒಪ್ಪಿಕೊಂಡರೆ ಹೇಗೆ? ಬಂದು ಸ್ವಲ್ಪ ಜಗಳ ಮಾಡು."

ಶನಿವಾರ ಕಾರ್ಕಳದ ಬಸ್ಸು ಹತ್ತುತ್ತೇನೆ. ಅರ್ಧ ಸಾಲದು, ಮುಕ್ಕಾಲು ಕೇಳಬೇಕೆಂದಿದ್ದೇನೆ.