ಸಾವನದುರ್ಗದಲ್ಲಿ ಅಳಿಸಿದ ರೆಕಾರ್ಡಿಂಗ್

ಹೋದ ವರ್ಷ ಸಾವನದುರ್ಗದ ಬುಡದಲ್ಲಿ ಒಂದು ಸಂಶೋಧನಾ ತಂಡಕ್ಕೆ ಧ್ವನಿಮುದ್ರಣ ಮಾಡಿಕೊಡುವ ಕೆಲಸಕ್ಕೆ ಹೋಗಿದ್ದೆ. ನಾನು ಓದಿದ್ದು ಏಳನೇ ಕ್ಲಾಸು. ಮದುವೆ, ನಾಟಕ, ಚುನಾವಣೆ ಎಂದು ಮಾಗಡಿ ಸೀಮೆಯಲ್ಲೆಲ್ಲ ಮೈಕ್ ಕಟ್ಟಿ ಬದುಕಿದವನು. ನನ್ನ ಕೆಲಸದಲ್ಲಿ ಯಾರೂ ಕೊಂಕು ತೆಗೆದಿಲ್ಲ.

ತಂಡದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದೆವು. ಶಾಲೆಯ ಹೊರಗೆ, ಬಂಡೆ ಗಿಡಗಳ ನಡುವೆ ಮೊಬೈಲ್ ಹಿಡಿದು ಪಾಠ ಕಲಿಯುವ ಮಕ್ಕಳು ತಮ್ಮತಮ್ಮೊಳಗೆ ಏನು ಮಾತಾಡಿಕೊಳ್ಳುತ್ತಾರೆ ಎಂಬುದು ಅವರ ಅಧ್ಯಯನ. ಇಬ್ಬರಿಗೆ ಒಂದೇ ಮೊಬೈಲು. ಹಂಚಿಕೊಳ್ಳಬೇಕಾದರೆ ಬಾಯಿ ಬಿಡಲೇಬೇಕಲ್ಲ. ಪ್ರತಿ ಮಗುವಿನ ಅಂಗಿಗೂ ನಾನು ಕಾಲರ್ ಮೈಕ್, ಅಂದರೆ ಗುಂಡಿಯಷ್ಟು ಸಣ್ಣ ಮೈಕ್, ಸಿಕ್ಕಿಸಿ, ಗಾಳಿ ಬಡಿಯದಂತೆ ಅದಕ್ಕೆ ತುಪ್ಪಟದ ಟೋಪಿ ಹಾಕುತ್ತಿದ್ದೆ. ಮಾತು ವೈರ್‌ಲೆಸ್‌ನಲ್ಲಿ ನನ್ನ ರೆಕಾರ್ಡರಿಗೆ ಬರುತ್ತಿತ್ತು. ಮೊದಮೊದಲು ಮಕ್ಕಳು ಮೈಕಿಗೆ ಹೆದರಿ ಪುಸ್ತಕದ ಕನ್ನಡ ಆಡುತ್ತಾರೆ, ಆಮೇಲೆ ಮರೆತುಬಿಡುತ್ತಾರೆ. ಮೇಡಂಗೆ ಬೇಕಿದ್ದುದು ಆ ಮರೆತ ಮೇಲಿನ ಮಾತು. "ಇದನ್ನ ಸ್ಕೂಲಿನವರು ಯಾರೂ ಕೇಳಲ್ಲ, ಬೇಡ ಅಂದ್ರೆ ಅಳಿಸ್ತೀವಿ" ಎಂದು ಬೆಳಗ್ಗೆ ಅವರೇ ಮಕ್ಕಳಿಗೆ ಮಾತು ಕೊಟ್ಟಿದ್ದರು.

ಒಂಬತ್ತನೇ ಕ್ಲಾಸಿನ ಭಾಗ್ಯ ಅಂದು ಚೆನ್ನಾಗಿಯೇ ಮರೆತಳು. ಗೆಳತಿಯ ಮುಂದೆ, ಶಾಲೆಯಿಂದ ತಮ್ಮನ್ನು ಕರೆತಂದಿದ್ದ ಮೇಷ್ಟ್ರ ಹಾಗೆ ಹೊಟ್ಟೆ ಮುಂದೆ ಮಾಡಿ ನಡೆದು, "ಏಯ್, ಈ ಬಂಡೆ ನೋಡ್ರೋ! ನಿಮ್ ತಲೆಗಿಂತ ಒಸಿ ಮೆತ್ತಗೈತೆ!" ಎಂದು ಅವರದೇ ದನಿ ತೆಗೆದಳು. ಸುತ್ತಲಿದ್ದ ಮಕ್ಕಳು ಬಿದ್ದು ಬಿದ್ದು ನಕ್ಕರು.

ಮೇಷ್ಟ್ರು ಆ ನಡಿಗೆಯನ್ನು ದೂರದಿಂದಲೇ ನೋಡಿದ್ದರು. ಮಾತು ಮಾತ್ರ ಕೇಳಿಸಿರಲಿಲ್ಲ. ನೆಟ್ಟಗೆ ನನ್ನ ಹತ್ತಿರ ಬಂದರು.

"ಅವಳೇನಂದ್ಲು, ಹಾಕಯ್ಯ. ನನ್ ಬಗ್ಗೆ ಆಗಿದ್ರೆ ನಾಳೆನೇ ಟೀಸಿ ಕೊಟ್ಟು ಮನೆಗೆ ಅಟ್ತೀನಿ."

"ಆಗಕಿಲ್ಲ ಸಾ."

"ಮೈಕ್‌ಸೆಟ್ಟೋನು ನಂಗೇ ರೂಲ್ಸ್ ಹೇಳ್ತೀಯ?"

"ಮೈಕ್‌ಸೆಟ್ಟೋನೇ ಸಾ. ಅದುಕ್ಕೇ ಯೋಳ್ತಾವ್ನಿ, ಕೇಳ್ಸಕಿಲ್ಲ."

ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, "ಕೇಳಿಸಿಬಿಡಿ. ಇವರು ಮಕ್ಕಳನ್ನ ಕಳಿಸದೇ ಇದ್ರೆ ಪ್ರಾಜೆಕ್ಟ್ ನಿಂತುಹೋಗುತ್ತೆ" ಎಂದರು. ಬೆಳಗ್ಗೆ ಕೊಟ್ಟ ಮಾತು ಮಧ್ಯಾಹ್ನದ ಊಟದವರೆಗೂ ಬಾಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಭಾಗ್ಯಳನ್ನೇ ಕರೆದೆ.

"ಏನವ್ವಾ, ಮಡೀಕೊಳ್ಳದೋ, ಅಳ್ಸದೋ?"

ಮುಖ ಬಿಳಿಚಿಕೊಂಡಿತ್ತು. ಆದರೂ ಅವಳು ತಲೆ ತಗ್ಗಿಸಲಿಲ್ಲ. "ಅಳ್ಸಣ್ಣ."

ಎಲ್ಲರ ಕಣ್ಣೆದುರೇ ಅಳಿಸಿದೆ. ಅವಳ ಇಡೀ ಬೆಳಗಿನ ಮಾತು ಒಂದೇ ಫೈಲಿನಲ್ಲಿತ್ತು; ಅಷ್ಟೂ ಹೋಯಿತು.

"ಬೇಕಂತಲೇ ಮಾಡ್ದೆ ನೀನು!" ಮೇಷ್ಟ್ರು ಕೂಗಾಡಿದರು.

"ಊ ಕಣ್ ಸಾ, ಬೇಕಂತಲೇ ಮಾಡ್ದೆ."

ನಾಳೆಯಿಂದ ನೀವು ಬರುವುದು ಬೇಡ ಎಂದರು ಮೇಡಂ. ಬೇಕೆಂದರೂ ನಾನು ಬರುತ್ತಿರಲಿಲ್ಲ. ಮೈಕುಗಳನ್ನು ಬಿಚ್ಚಿಕೊಂಡು ಮಾಗಡಿ ಬಸ್ಸು ಹತ್ತಿದೆ. ಮೇಷ್ಟ್ರ ಕೈಯಲ್ಲಿ ಮಕ್ಕಳ ನಗುವಿನ ಹೊರತು ಯಾವ ಸಾಕ್ಷಿಯೂ ಉಳಿಯಲಿಲ್ಲ. ನಗುವಿಗೆ ಟೀಸಿ ಕೊಡಲಾಗುತ್ತದೆಯೇ? ಭಾಗ್ಯ ಈಗ ಅದೇ ಶಾಲೆಯಲ್ಲಿ ಹತ್ತನೇ ಕ್ಲಾಸು ಓದುತ್ತಿದ್ದಾಳೆ.

ಮಕ್ಕಳ ಮಾತು ಹಿಡಿಯಲು ನನ್ನನ್ನು ಈಗಲೂ ಕರೆಯುವವರಿದ್ದಾರೆ. ಮಗು ಬೇಡವೆಂದರೆ ಅಳಿಸಲು ಬಿಡುತ್ತೀರಾ ಎಂದು ಮೊದಲೇ ಕೇಳುತ್ತೇನೆ. "ನೋಡೋಣ" ಎನ್ನುವವರ ಫೋನನ್ನು ಅಲ್ಲಿಗೇ ಇಡುತ್ತೇನೆ.